ಹೊನ್ನಾಳಿಯ ಜಿಲ್ಲೆ ಬದಲಾಯಿತು, ಪಿನ್ ಬದಲಾಗಲಿಲ್ಲ

ಶಿವಮೊಗ್ಗದ ಪಿನ್ ಕೋಡ್ 577201. ಚನ್ನಗಿರಿಯದು 577213, ಹೊನ್ನಾಳಿಯದು 577217. ಅಂಕಿ ನೋಡಿದರೆ ಮೂರೂ ಒಂದೇ ಮನೆತನ. ಆದರೆ 1997ರ ಆಗಸ್ಟ್ 15ರಂದು ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ಚಿತ್ರದುರ್ಗದಿಂದ ಬಂದ ಜಗಳೂರು ತನ್ನ 577528 ಅನ್ನು ಹೊತ್ತುಕೊಂಡೇ ಬಂತು. ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿ ಮುಂದೆ ತಾಲ್ಲೂಕೇ ಆಯಿತು. ಅದರ ಪಿನ್ 577223 ಹಾಗೇ ಇದೆ. ಲಕೋಟೆಯ ಮೇಲೆ ಬರೆಯುವ ಜಿಲ್ಲೆ ಬೇರೆ, ಅಂಚೆಯವರು ಹಿಡಿಯುವ ಗುರುತು ಬೇರೆ.

ಮಾಸ್ಟೊಡಾನ್, ಬ್ಲೂಸ್ಕೈಯಂಥ ವಿಕೇಂದ್ರೀಕೃತ ಜಾಲತಾಣಗಳ ಬಗ್ಗೆ ಕೇಳಿಬರುವ ಗೊಂದಲಗಳಲ್ಲಿ ಹೆಚ್ಚಿನವು ಹೀಗೆಯೇ ಕಾಣುವ ಹೆಸರು, ಅದರ ಹಿಂದಿನ ಗುರುತು ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಹುಟ್ಟಿದವು.

ತಪ್ಪು ಕಲ್ಪನೆ: ಹೆಸರೇ ಖಾತೆ, ಹೆಸರು ಬದಲಿಸಿದರೆ ಫಾಲೋವರ್ಸ್ ಹೋದಂತೆಯೇ.

ಸತ್ಯ: ಬ್ಲೂಸ್ಕೈಯಲ್ಲಿ ಹಾಗಿಲ್ಲ. ಅಲ್ಲಿ ಕಾಣುವ ಹೆಸರು ಒಂದು ವೆಬ್ ವಿಳಾಸ. ಅದರ ಬೆನ್ನಿಗೆ ಡಿಐಡಿ ಎಂಬ ಗುರುತು ಇರುತ್ತದೆ. ಸಾಮಾನ್ಯವಾಗಿ ‘ಡಿಐಡಿ ಪಿಎಲ್‌ಸಿ’ ಎಂದು ಶುರುವಾಗಿ 24 ಅಕ್ಷರ-ಅಂಕಿಗಳಲ್ಲಿ ಮುಗಿಯುವಂಥದ್ದು. ಪೋಸ್ಟುಗಳೂ ಫಾಲೋವರ್ಸೂ ಅಂಟಿಕೊಂಡಿರುವುದು ಅದಕ್ಕೆ. ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರು ಅಂಗಡಿ ಹೆಸರಲ್ಲಿ ಡೊಮೇನ್ ಕೊಂಡು, ಅದರ ಡಿಎನ್‌ಎಸ್ ಎಂಬ ವಿಳಾಸ ದಾಖಲೆಯಲ್ಲಿ ಒಂದು ಸಾಲು ಸೇರಿಸಿದರೆ ಆ ವಿಳಾಸವೇ ಅವರ ಹೆಸರಾಗುತ್ತದೆ. ಹಳೆಯ ಗಿರಾಕಿಗಳು ಯಾರೂ ಕಳಚಿಕೊಳ್ಳುವುದಿಲ್ಲ. ಆದರೂ ಒಂದು ಮಾತು: ಈ ಗುರುತುಗಳನ್ನೆಲ್ಲ ಬರೆದಿಡುವ ವಹಿ ಬ್ಲೂಸ್ಕೈ ಕಂಪನಿಯೇ ಶುರುಮಾಡಿದ ಒಂದೇ ವಹಿ. ವಿಕೇಂದ್ರೀಕೃತ ಎಂಬ ಮಾತನ್ನು ನಾನಂತೂ ಪೂರ್ತಿ ಒಪ್ಪುವುದಿಲ್ಲ.

ತಪ್ಪು ಕಲ್ಪನೆ: ಮಾಸ್ಟೊಡಾನ್‌ನಲ್ಲಿ ಒಂದೇ ಹೆಸರು ಕಂಡರೆ ಒಬ್ಬರೇ ವ್ಯಕ್ತಿ.

ಸತ್ಯ: ಬಸವಾಪಟ್ಟಣ ಚನ್ನಗಿರಿ ತಾಲ್ಲೂಕಿನಲ್ಲೂ ಇದೆ, ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲೂ ಇದೆ. ಬರೀ ಊರ ಹೆಸರು ಬರೆದರೆ ಕಾಗದ ಎಲ್ಲಿಗೆ ಹೋದೀತು? ಮಾಸ್ಟೊಡಾನ್ ವಿಳಾಸದಲ್ಲಿ ಎರಡು ಭಾಗ, ಹೆಸರು ಮತ್ತು ಸರ್ವರ್. ಎರಡನ್ನೂ ಓದಬೇಕು.

ತಪ್ಪು ಕಲ್ಪನೆ: ಸರ್ವರ್ ಬದಲಿಸಿದರೆ ಎಲ್ಲವೂ ಜೊತೆಗೆ ಬರುತ್ತದೆ.

ಸತ್ಯ: ಮಾಸ್ಟೊಡಾನ್‌ನಲ್ಲಿ ಫಾಲೋವರ್ಸ್ ಬರುತ್ತಾರೆ, ಹಳೆಯ ಪೋಸ್ಟುಗಳು ಅಲ್ಲೇ ಉಳಿಯುತ್ತವೆ. ಅದೂ ಹಳೆಯ ಸರ್ವರ್ ಜೀವಂತ ಇರುವಾಗಲೇ ಹೊರಡಬೇಕು. ಕನ್ನಡದಲ್ಲೇ ಮೊದಲು ಕಣ್ಣುಬಿಟ್ಟ ಬೆಂಗಳೂರಿನ ‘ಕೂ’ ಜಾಲತಾಣ 2024ರಲ್ಲಿ ಬಾಗಿಲು ಹಾಕಿದಾಗ ಈ ಅರ್ಧ ಅನುಕೂಲವೂ ಇರಲಿಲ್ಲ. ಅದು ಒಂದೇ ಕಂಪನಿಯ ಮನೆ. ಅಲ್ಲಿನ ಹೆಸರು ಹೊರಗೆ ಎಲ್ಲೂ ಚಲಾವಣೆಯಾಗುತ್ತಿರಲಿಲ್ಲ.

ತಪ್ಪು ಕಲ್ಪನೆ: ಪಾಸ್‌ವರ್ಡ್ ಮರೆತರೆ ಯಾರಾದರೂ ಸರಿಮಾಡಿಕೊಡುತ್ತಾರೆ.

ಸತ್ಯ: ನಾಸ್ಟರ್ ಎಂಬ ಇನ್ನೊಂದು ವಿಕೇಂದ್ರೀಕೃತ ಜಾಲದಲ್ಲಿ ಹಾಗಿಲ್ಲ. ಅಲ್ಲಿ ಖಾತೆಯೆಂದರೆ ಒಂದು ಜೋಡಿ ಕೀಲಿ. ಊರಿಗೆಲ್ಲ ತೋರಿಸುವ ಕೀಲಿಯೇ ನಿಮ್ಮ ಗುರುತು. ಗುಟ್ಟಿನ ಕೀಲಿಯಿಂದ ಸಹಿ. ಗುಟ್ಟಿನದು ಕಳೆದರೆ ನಕಲಿಗೆ ಅರ್ಜಿ ಹಾಕಲು ಕಚೇರಿಯೇ ಇಲ್ಲ, ಇನ್ನೊಬ್ಬರ ಕೈಗೆ ಸಿಕ್ಕರೆ ಅವರೇ ನೀವು. ಕಾಗದದಲ್ಲಿ ಬರೆದು ಪಹಣಿ, ಪಾಸ್‌ಬುಕ್ ಇಡುವ ಜಾಗದಲ್ಲಿಡಿ. ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳುವುದು ಬೇಡ.