ಜೇಬಿನಲ್ಲಿ ಬಂದ ಲಸಿಕೆ ಕೆಡುವುದೇಕೆ?

ಎರಡು ವರ್ಷದ ಹಿಂದೆ ನಮ್ಮೂರಿಗೆ ಕಾಲುಬಾಯಿ ಜ್ವರದ ಲಸಿಕೆ ಬಂತು. ಬಾಟಲಿ ಐಸ್ ಡಬ್ಬಿಯಲ್ಲಿರಲಿಲ್ಲ, ತಂದವರ ಜೇಬಿನಲ್ಲಿತ್ತು. ಸುಡು ಬಿಸಿಲು. ನಾನೂ ಬಾಯಿ ಬಿಡಲಿಲ್ಲ. ಮೂರು ತಿಂಗಳಿಗೆ ನನ್ನ ಜೋಡೆತ್ತಿನಲ್ಲೊಂದು ಜೊಲ್ಲು ಸುರಿಸಿ ಕುಂಟತೊಡಗಿತು, ಬಿತ್ತನೆ ಹದ ತಪ್ಪಿತು. ಜೇಬೇ ಕಾರಣ ಅಂತ ಆಣೆ ಮಾಡಲಾರೆ. ಆದರೆ ಲಸಿಕೆ ಬಿಸಿಗೆ ಯಾಕೆ ಕೆಡುತ್ತೆ ಅಂತ ಪಶುವೈದ್ಯ ಓದುತ್ತಿರುವ ತಂಗಿಯ ಮಗನನ್ನು ಕೇಳಿದೆ. ತಿಳಿದದ್ದನ್ನು ಬರೆದಿದ್ದೇನೆ.

ಈ ವೈರಸ್ಸಿಗೆ ಒಳಗೆ ತಿರುಳು, ಹೊರಗೆ ಪ್ರೋಟೀನಿನ ಚಿಪ್ಪು. ಚಿಪ್ಪು ಒಂದೇ ತುಂಡಲ್ಲ, 12 ಹೋಳು ಕೂಡಿದ ಚೆಂಡು. ಸಾಲಾಗಿಟ್ಟರೆ ಒಂದು ಮಿಲಿಮೀಟರಿಗೆ 30 ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ! ಲಸಿಕೆಯಲ್ಲಿರುವುದು ಸತ್ತ ವೈರಸ್. ಆದರೂ ಚೆಂಡು ಇಡಿಯಾಗಿದ್ದರೇ ದನದ ಮೈ ಅದನ್ನು ಚೆನ್ನಾಗಿ ಗುರುತಿಟ್ಟುಕೊಳ್ಳುತ್ತೆ. ಹೋಳುಹೋಳಾದರೆ ಗುಣ ಬಹಳ ಕಡಿಮೆ.

ಹೋಳುಗಳ ನಡುವಿನ ಹಿಡಿತ ಗಟ್ಟಿಯದಲ್ಲ. ಬಿಸಿಗೆ ಸಡಿಲ, ಹುಳಿಗಂತೂ ಬೇಗ ಬಿಡುತ್ತೆ. ಹುಳಿಗೆ ಬಿಡುವುದು ವಿದ್ಯುತ್ತಿನ ಆಟ. ಮಣ್ಣು ಪರೀಕ್ಷೆ ಕಾರ್ಡಿನಲ್ಲಿ ರಸಸಾರ ಅಂತ ಇರುತ್ತಲ್ಲ, 7 ಅಂದರೆ ಸಮ, ಕೆಳಗೆ ಹುಳಿ, ಮೇಲೆ ಕ್ಷಾರ. ಹೋಳು ಸೇರುವ ಅಂಚಿನಲ್ಲಿ ಹಿಸ್ಟಿಡಿನ್ ಎಂಬ ಕಣವಿದೆ. ರಸಸಾರ 6.5ಕ್ಕಿಂತ ಇಳಿಯಿತೋ, ಅದು ಧನ ವಿದ್ಯುತ್ ಹಿಡಿಯುತ್ತೆ. ಎದುರು ಅಂಚೂ ಧನದ ಕಡೆಗೇ ವಾಲಿದೆ. ಅಯಸ್ಕಾಂತದ ಒಂದೇ ಜಾತಿಯ ಎರಡು ತುದಿ ತಳ್ಳಾಡುವ ಹಾಗೆ ತಳ್ಳಾಡಿ ಚೆಂಡು ಒಡೆಯುತ್ತೆ.

ಇಷ್ಟು ಸಣ್ಣದರ ವಿದ್ಯುತ್ ಅಳೆದವರು ಯಾರು? 1989ರಲ್ಲಿ ಇಂಗ್ಲೆಂಡಿನಲ್ಲಿ ವೈರಸ್ಸನ್ನು ಹರಳುಗಟ್ಟಿಸಿ, ಎಕ್ಸ್‌ರೇ ಹಾಯಿಸಿ, ಯಾವ ಅಣು ಎಲ್ಲಿದೆ ಅಂತ ನಕ್ಷೆ ಮಾಡಿದರು. 1998ರಲ್ಲಿ ಮಾರ್ಟಿನ್ ಕಾರ್ಪ್ಲಸ್ ಮತ್ತು ಸಂಗಡಿಗರು ಆ ನಕ್ಷೆಯನ್ನು ಕಂಪ್ಯೂಟರಿಗೆ ಕೊಟ್ಟು, ರಸಸಾರ ಇಳಿದಂತೆ ಯಾವ ಕಣಕ್ಕೆ ಎಷ್ಟು ವಿದ್ಯುತ್, ಯಾವುದು ಯಾವುದನ್ನು ತಳ್ಳುತ್ತೆ ಅಂತ ಲೆಕ್ಕ ಹಾಕಿದರು. ಹಿಸ್ಟಿಡಿನ್ ಕಡೆಗೆ ಬೆರಳು ಹೋಯಿತು. ಹೀಗೆ ಬಿಡುವ ಜಾಗ ಗೊತ್ತಾದರೆ ಬಿಗಿ ಮಾಡುವುದೂ ಸಾಧ್ಯ. 2013ರಲ್ಲಿ ಇಂಗ್ಲೆಂಡಿನವರು ತಿರುಳಿಲ್ಲದ ಬರೀ ಚಿಪ್ಪು ಮಾಡಿ, ಅಂಚಿಗೆ ಕೊಂಡಿ ಹಾಕಿ, ಬಿಸಿ ಹುಳಿ ಎರಡನ್ನೂ ಹೆಚ್ಚು ತಾಳುವಂತೆ ಮಾಡಿ ತೋರಿಸಿದರು.

ನಮ್ಮ ಕೈಲಾಗುವುದು ಇಷ್ಟು. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಲೂ ಬಾರದು. ರೋಗ ಬಂದ ಕೊಟ್ಟಿಗೆಯ ನೆಲ ತೊಳೆಯಲು ಲೀಟರಿಗೆ 40 ಗ್ರಾಂ ಬಟ್ಟೆ ಒಗೆಯುವ ಸೋಡಾ ಸಾಕು. ಹುಳಿಯ ಹಾಗೆ ಬಲವಾದ ಕ್ಷಾರಕ್ಕೂ ಈ ವೈರಸ್ ತಾಳದು. ಇದು ನೆಲಕ್ಕೆ ಮಾತ್ರ, ಹುಣ್ಣಿಗೆ ಹಚ್ಚಬೇಡಿ.

ಮುಂದಿನ ಸಲ ಲಸಿಕೆಯವರು ಬಂದಾಗ “ಐಸ್ ಡಬ್ಬಿ ತೋರಿಸಿ ಸ್ವಾಮಿ” ಅನ್ನಿ. ನಾನು ಅವತ್ತು ಕೇಳಲಿಲ್ಲ.