ಮಂಡಿಗೆ ಚೀಲ ಹೋಗೋ ಮುಂಚೆ ಹತ್ತು ಕೆಜಿ ಶೇಂಗಾ ಎತ್ತಿಡಿ

ಈ ವಾರ ಬೀಜ, ಗೊಬ್ಬರ, ಔಷಧಿ ಯಾವುದರ ಬಗ್ಗೆಯೂ ಬರೀತಿಲ್ಲ. ನಮ್ಮ ಮನೆಯಲ್ಲಿ ಆದ ಒಂದು ತಪ್ಪಿನ ಬಗ್ಗೆ ಬರೀತಿದ್ದೀನಿ. ಮದುವೆಯಾಗಿ ಒಂದೆರಡು ವರ್ಷ ಆದವರು, ಮನೆಯಲ್ಲಿ ಬಸುರಿ ಇರೋರು ತಪ್ಪದೆ ಓದಿ. ಮದುವೆ ಆಗದವರೂ ಓದಿ, ನಾಳೆ ಬೇಕಾಗುತ್ತೆ.

ನಮ್ಮದು ಚಳ್ಳಕೆರೆ ತಾಲ್ಲೂಕು, ಪರಶುರಾಂಪುರ ಕಡೆ ಒಂದು ಹಳ್ಳಿ. ಆರು ಎಕರೆ ಖುಷ್ಕಿ, ಎರಡು ಹಸು, ಹಿತ್ತಲಲ್ಲಿ ಏಳೆಂಟು ನಾಟಿ ಕೋಳಿ. 2023ರ ಮುಂಗಾರು ನೆನಪಿದೆಯಲ್ಲ? ಮಳೆ ಕೈಕೊಟ್ಟು ನಮ್ಮ ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆದ ವರ್ಷ. ಅದೇ ವರ್ಷ ನನ್ನ ಹೆಂಡತಿ ಮೊದಲ ಸಲ ಬಸುರಿ.

ಜುಲೈನಲ್ಲಿ ಆಶಾ ಅಕ್ಕ ಮನೆಗೆ ಬಂದು ಹೆಸರು ಬರ್ಕೊಂಡರು. ತಾಯಿ ಕಾರ್ಡ್ ಮಾಡಿಸಿದ್ರು. ಆಗ ಎರಡೂವರೆ ತಿಂಗಳು, ತೂಕ 42 ಕೆಜಿ. ಕಾರ್ಡನ್ನ ಬೀರುವಿನಲ್ಲಿಟ್ಟು ನಾನು ಹೊಲಕ್ಕೆ ಹೋದೆ. ಮತ್ತೆ ಅದನ್ನ ತೆಗೆದು ನೋಡಿದ್ದು ಐದನೇ ತಿಂಗಳಲ್ಲಿ, ನರ್ಸಮ್ಮ ನನ್ನನ್ನೇ ಕರೆಸಿದಾಗ. ತೂಕ 43 ಕೆಜಿ, ರಕ್ತ 8.9. ಐದು ತಿಂಗಳಿಗೆ ಬರೀ ಒಂದು ಕೆಜಿ ಏರಿತ್ತು.

"ನಿಮ್ಮ ಹೊಲದಲ್ಲಿ ಏನೇನು ಬೆಳೀತೀರಪ್ಪ?" ಅಂತ ನರ್ಸಮ್ಮ ಕೇಳಿದ್ರು. ಶೇಂಗಾ, ರಾಗಿ, ಸಜ್ಜೆ, ಸ್ವಲ್ಪ ತೊಗರಿ ಅಂದೆ. ಹಸು ಇದಾವೆ, ಕೋಳಿ ಇದಾವೆ ಅಂದೆ. "ಹಂಗಾದ್ರೆ ಈಕೆ ಯಾಕೆ ಹಿಂಗವ್ಳೆ?" ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ದಾರೀಲಿ ಬೈಕಲ್ಲಿ ಬರುವಾಗ ಹೆಂಡತಿ ಉತ್ತರ ಹೇಳಿದಳು. "ಹಾಲು ಡೇರಿಗೆ ಹೋಗುತ್ತೆ. ಮೊಟ್ಟೆ ಅಂಗಡಿಗೆ ಹೋಗುತ್ತೆ. ಶೇಂಗಾ ಬಿತ್ತನೆಗೆ ಅಂತ ಕಟ್ಟಿಟ್ಟಿದ್ದೀರಿ. ಗಬ್ಬದ ಹಸೂಗೆ ದಿನಾ ಎಷ್ಟು ಶೇಂಗಾ ಹಿಂಡಿ ಹಾಕ್ಬೇಕು ಅಂತ ನಿಮಗೆ ಬಾಯಲ್ಲೇ ಇದೆ ರೀ. ನನ್ನ ತೂಕ ಎಷ್ಟು ಅಂತ ಇವತ್ತು ಗೊತ್ತಾಯ್ತು."

ಜಗಳ ಮಾಡಿ ಹೇಳಿದ್ದಲ್ಲ, ತಣ್ಣಗೆ ಹೇಳಿದ್ದು. ಅದಕ್ಕೇ ಇನ್ನೂ ಮರೆತಿಲ್ಲ.

ತೂಕ ಎಷ್ಟು ಏರಬೇಕು? ಫೋನಲ್ಲೇ ಲೆಕ್ಕ ಹಾಕಿ

ಬಸುರಿಯಲ್ಲಿ ಏರೋ ತೂಕ ಅಂದ್ರೆ ಬೊಜ್ಜು ಅಲ್ಲ. ಮಗು, ಮಾಸು, ಗರ್ಭದ ನೀರು, ತಾಯಿಯ ಮೈಯಲ್ಲಿ ಹೆಚ್ಚಾಗೋ ರಕ್ತ, ಮುಂದೆ ಹಾಲು ಕುಡಿಸೋಕೆ ಬೇಕಾದ ಶಕ್ತಿಯ ದಾಸ್ತಾನು, ಇಷ್ಟೂ ಸೇರಿದ ತೂಕ ಅದು.

ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಬಸುರಿ ಆಗೋ ಮುಂಚಿನ ಅಥವಾ ಮೊದಲ ಮೂರು ತಿಂಗಳೊಳಗಿನ ತೂಕ ತಗೊಳ್ಳಿ. ಅದನ್ನ ಎತ್ತರದಿಂದ, ಮೀಟರ್ ಲೆಕ್ಕದಲ್ಲಿ, ಎರಡು ಸಲ ಭಾಗಿಸಿ. ನನ್ನ ಹೆಂಡತಿ ಎತ್ತರ 152 ಸೆಂ.ಮೀ. ಅಂದ್ರೆ 42 ÷ 1.52 ÷ 1.52 = 18.2. ಇದಕ್ಕೆ ಬಿಎಂಐ ಅಂತಾರೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಲೆಕ್ಕ ಹೀಗಿದೆ:

- ಬಿಎಂಐ 18.5ಕ್ಕಿಂತ ಕಡಿಮೆ ಇದ್ದರೆ ಒಟ್ಟು 12.5ರಿಂದ 18 ಕೆಜಿ ಏರಬೇಕು
- 18.5ರಿಂದ 24.9 ಇದ್ದರೆ 11.5ರಿಂದ 16 ಕೆಜಿ
- 25ರಿಂದ 29.9 ಇದ್ದರೆ 7ರಿಂದ 11.5 ಕೆಜಿ
- 30 ದಾಟಿದ್ದರೆ 5ರಿಂದ 9 ಕೆಜಿ

ನಮ್ಮ ದೇಶದಲ್ಲಿ ಸಾಮಾನ್ಯ ತೂಕದವರಿಗೆ 10ರಿಂದ 12 ಕೆಜಿ ಅಂತ ಹೇಳ್ತಾರೆ. ಮೊದಲ ಮೂರು ತಿಂಗಳು ವಾಂತಿ, ಸುಸ್ತು ಇರುತ್ತೆ, ಒಂದೆರಡು ಕೆಜಿ ಏರಿದರೆ ಸಾಕು. ನಾಲ್ಕನೇ ತಿಂಗಳಿಂದ ವಾರಕ್ಕೆ ಸುಮಾರು ಅರ್ಧ ಕೆಜಿಯಂತೆ ಏರುತ್ತಾ ಹೋಗಬೇಕು. ಮೊದಲೇ ದಪ್ಪ ಇರೋರಿಗೆ ಇದಕ್ಕಿಂತ ಕಡಿಮೆ ಸಾಕು. "ಇಬ್ಬರ ಊಟ ಉಣ್ಣಬೇಕು" ಅನ್ನೋ ಮಾತು ಅವರಿಗೆ ಒಗ್ಗಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಡಾಕ್ಟರ್ ಹೇಳಿದ್ದೇ ಊಟದ ಲೆಕ್ಕ.

ಬೇಕಾಗಿರೋದು ಎಷ್ಟು? ಕೇಳಿದರೆ ನಗು ಬರುತ್ತೆ

ಐಸಿಎಂಆರ್ 2020ರ ಲೆಕ್ಕದ ಪ್ರಕಾರ ಬಸುರಿಗೆ ಮಾಮೂಲಿ ಊಟದ ಮೇಲೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು. ಕೊನೇ ಮೂರು ತಿಂಗಳಲ್ಲಿ ಪ್ರೋಟೀನ್ 22 ಗ್ರಾಂ ಹೆಚ್ಚು ಬೇಕು. ಇದನ್ನ ನಮ್ಮ ಹೊಲ, ಹಟ್ಟಿಯ ಭಾಷೆಗೆ ತರೋಣ:

- ದೊಡ್ಡ ಒಂದು ಹಿಡಿ ಶೇಂಗಾ ಬೀಜ (40 ಗ್ರಾಂ): ಸುಮಾರು 220 ಕ್ಯಾಲೊರಿ, 10 ಗ್ರಾಂ ಪ್ರೋಟೀನ್
- ಒಂದು ಲೋಟ ಹಸುವಿನ ಹಾಲು (200 ಮಿ.ಲೀ.): ಸುಮಾರು 130 ಕ್ಯಾಲೊರಿ, 6 ಗ್ರಾಂ ಪ್ರೋಟೀನ್, ಜೊತೆಗೆ ಸುಣ್ಣದ ಅಂಶ
- ಒಂದು ಮೊಟ್ಟೆ: ಸುಮಾರು 70 ಕ್ಯಾಲೊರಿ, 6 ಗ್ರಾಂ ಪ್ರೋಟೀನ್

ಕೂಡಿಸಿ ನೋಡಿ. ಹಿಡಿ ಶೇಂಗಾ, ಲೋಟ ಹಾಲು, ಒಂದು ಮೊಟ್ಟೆ. ಹೆಚ್ಚುವರಿ ಬೇಕಾಗಿರೋದು ಬಂತು. ನನ್ನ ಹೆಂಡತಿ ಥರ ಮೊದಲೇ ತೂಕ ಕಡಿಮೆ ಇರೋರಿಗೆ ಇದರ ಮೇಲೆ ಇನ್ನೊಂದು ಮುದ್ದೆ, ಇನ್ನೊಂದು ಸೌಟು ಬೇಳೆ ಬೇಕು. ಮೊಟ್ಟೆ ತಿನ್ನದವರು ಮೊಳಕೆ ಹುರುಳಿ, ಹೆಸರುಕಾಳು, ಬೇಳೆ ಜಾಸ್ತಿ ಮಾಡಿಕೊಳ್ಳಿ.

ಈಗ ಮಂಡಿ ಲೆಕ್ಕ. ದಿನಕ್ಕೆ 40 ಗ್ರಾಂ ಅಂದ್ರೆ ತಿಂಗಳಿಗೆ 1.2 ಕೆಜಿ ಬೀಜ. ಆರು ತಿಂಗಳಿಗೆ 7 ಕೆಜಿ ಚಿಲ್ಲರೆ. ಸಿಪ್ಪೆ ಸಮೇತ ಹಾಕಿದರೆ ಸುಮಾರು ಹತ್ತು ಕೆಜಿ ಕಾಯಿ. ಕ್ವಿಂಟಲ್‌ಗಟ್ಟಲೆ ತೂಗಿಸೋ ನಾವು, ಎಣ್ಣೆ ಮಿಲ್ಲುಗಳ ಊರು ಅಂತ ಹೆಸರಾದ ಚಳ್ಳಕೆರೆಯವರು, ಹತ್ತು ಕೆಜಿ ಕಾಯಿ ಮನೆಗೆ ಎತ್ತಿಡಲಿಲ್ಲ. ಬರಗಾಲ ಇತ್ತು, ದುಡ್ಡು ಇರಲಿಲ್ಲ, ಎಲ್ಲಾ ನಿಜ. ಆದರೆ ಆ ಹತ್ತು ಕೆಜಿಯಿಂದ ನಮ್ಮ ಸಾಲ ತೀರ್ತಿರಲಿಲ್ಲ.

ಜೊಳ್ಳು, ಬೂಷ್ಟು ಮನೆಗಲ್ಲ

ನಮ್ಮ ಕಡೆ ಇನ್ನೊಂದು ಕೆಟ್ಟ ಅಭ್ಯಾಸ ಇದೆ. ಒಳ್ಳೆ ಕಾಯಿ ಮಂಡಿಗೆ, ಜೊಳ್ಳು, ಮುರುಕಲು, ಕಪ್ಪಾದದ್ದು ಮನೆಗೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ, ಅದು ಲಿವರ್ ಕೆಡಿಸುತ್ತೆ. ಹುರಿದರೂ ಪೂರ್ತಿ ಹೋಗಲ್ಲ. ಕಾಯಿ ಬಲಿಯೋ ಹೊತ್ತಲ್ಲಿ ಬರ ಬಿದ್ದರೆ ಈ ಬೂಷ್ಟು ಹೊಲದಲ್ಲೇ ಶುರುವಾಗುತ್ತೆ. ಕಿತ್ತ ಮೇಲೆ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನೋವರೆಗೂ ಒಣಗಿಸಿ. ತೇವ ಇರೋ ನೆಲದ ಮೇಲೆ ಚೀಲ ಇಡಬೇಡಿ. ಬಸುರಿಗೆ ಅಂತ ಎತ್ತಿಡೋದು ಗಟ್ಟಿ ಕಾಯಿ ಆಗಿರಲಿ. ಕಹಿ ಬಂದ ಬೀಜವನ್ನ ಉಗಿಯೋಕೆ ಹೇಳಿ.

ಶೇಂಗಾ ಬೆಳೆಯೋ ಇನ್ನೊಂದು ನಾಡಿನ ಕಥೆ

ಒಂದು ಹಿಡಿ ಶೇಂಗಾದಿಂದ ಏನಾಗುತ್ತೆ ಅನ್ನಬೇಡಿ. ಪಶ್ಚಿಮ ಆಫ್ರಿಕಾದಲ್ಲಿ ಗ್ಯಾಂಬಿಯಾ ಅಂತ ಪುಟ್ಟ ದೇಶ ಇದೆ. ಅಲ್ಲೂ ನಮ್ಮ ಥರ ಮಳೆ ನಂಬಿದ ಶೇಂಗಾ. ಮಳೆಗಾಲದಲ್ಲಿ ಕಾಳು ಖಾಲಿ, ಕೆಲಸ ಮಾತ್ರ ಜಾಸ್ತಿ. ಆ ತಿಂಗಳುಗಳಲ್ಲಿ ಹುಟ್ಟೋ ಕೂಸುಗಳು ಸಣಕಲು. ಅಲ್ಲಿ 28 ಹಳ್ಳಿಗಳಲ್ಲಿ ಐದು ವರ್ಷ ಒಂದು ಪ್ರಯೋಗ ನಡೀತು. ಹುರಿದ ಶೇಂಗಾ, ಅಕ್ಕಿ ಹಿಟ್ಟು, ಸಕ್ಕರೆ, ಶೇಂಗಾ ಎಣ್ಣೆಯಿಂದ ಮಾಡಿದ ಎರಡು ದೊಡ್ಡ ಬಿಸ್ಕತ್ತನ್ನ ಬಸುರಿಯರಿಗೆ ದಿನಾ ಕೊಟ್ಟರು, ಸುಮಾರು 1,000 ಕ್ಯಾಲೊರಿಯಷ್ಟು. 1997ರಲ್ಲಿ ಫಲಿತಾಂಶ ಬಂತು. ಮಕ್ಕಳ ಹುಟ್ಟು ತೂಕ ಸರಾಸರಿ 136 ಗ್ರಾಂ ಹೆಚ್ಚಿತ್ತು. ಹಸಿವಿನ ತಿಂಗಳುಗಳಲ್ಲಿ 201 ಗ್ರಾಂ ಹೆಚ್ಚಿತ್ತು. ಸತ್ತು ಹುಟ್ಟೋ ಮಕ್ಕಳು, ಮೊದಲ ವಾರದಲ್ಲೇ ತೀರಿಹೋಗೋ ಮಕ್ಕಳು ಕಡಿಮೆಯಾದರು.

ಇಲ್ಲೇ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ 1990ರ ದಶಕದಲ್ಲಿ ರೈತರ ಮನೆ ಬಸುರಿಯರನ್ನ ಗಮನಿಸಿದರು. ಹಾಲು, ಸೊಪ್ಪು, ಹಣ್ಣು ಹೆಚ್ಚು ತಿಂದವರ ಮಕ್ಕಳು ಮೈಕೈ ತುಂಬಿಕೊಂಡಿದ್ದವು. ಹೊಲದ ಕೆಲಸ, ನೀರು ಹೊರೋದು ಹೆಚ್ಚಿದ್ದವರ ಮಕ್ಕಳು ಸಣ್ಣಗಿದ್ದವು. ಹಾಗಾಗಿ ಊಟ ಹಾಕಿದರಷ್ಟೇ ಸಾಲದು, ಕೊಡ ಕೂಡ ನಾವೇ ಹೊರಬೇಕು. ರಾತ್ರಿ ಎಂಟು ಗಂಟೆ ನಿದ್ದೆ, ಹಗಲು ಎರಡು ಗಂಟೆ ಮಲಗೋಕೆ ಬಿಡಿ.

ಅವ್ವನ ಮಾತು, ಮಾತ್ರೆಯ ಡಬ್ಬಿ

ನಾನು ಹಾಲು ಎತ್ತಿಡೋಕೆ ಶುರು ಮಾಡಿದಾಗ ಅವ್ವ ಬೇಡ ಅಂದಳು. "ಜಾಸ್ತಿ ಉಂಡ್ರೆ ಕೂಸು ದಪ್ಪ ಆಗ್ತೈತೆ ಕಣೋ, ಹೆರಿಗೆ ಕಷ್ಟ ಆಗ್ತೈತೆ." ಅವ್ವ ಕೆಟ್ಟವಳಲ್ಲ. ಅವಳ ಕಾಲದಲ್ಲಿ ಮನೇಲೇ ಹೆರಿಗೆ, ಭಯ ಇತ್ತು. ನಾನು ವಾದ ಮಾಡಲಿಲ್ಲ, ಮುಂದಿನ ತಪಾಸಣೆಗೆ ಅವ್ವನನ್ನೂ ಕರ್ಕೊಂಡು ಹೋದೆ. ಎರಡೂವರೆ ಕೆಜಿಗಿಂತ ಕಡಿಮೆ ಹುಟ್ಟಿದ ಮಗೂಗೇ ಅಪಾಯ ಜಾಸ್ತಿ ಅಂತ ಡಾಕ್ಟರಮ್ಮ ಹೇಳಿದ ಮೇಲೆ ಹಾಲಿನ ಲೋಟ ಅವ್ವನೇ ಹಿಡಿದು ನಿಲ್ಲೋಕೆ ಶುರು ಮಾಡಿದಳು.

ಅದೇ ದಿನ ಇನ್ನೊಂದು ಗೊತ್ತಾಯ್ತು. ಕೊಟ್ಟಿದ್ದ ಕಬ್ಬಿಣದ ಮಾತ್ರೆಗಳು ಡಬ್ಬೀಲಿ ಹಾಗೇ ಇದ್ದವು. ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ ಅಂತ ಯಾರೋ ಹೇಳಿದ್ದರಂತೆ. ಮಗು ಕಪ್ಪಾಗಲ್ಲ. ಮಲ ಕಪ್ಪಗೆ ಹೋಗುತ್ತೆ ಅಷ್ಟೆ, ಅದು ಸಹಜ. ಬಸುರಿಗೆ ರಕ್ತ 11 ಇರಬೇಕು. ಕೇಂದ್ರ ಸರ್ಕಾರದ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ನೂರು ಬಸುರಿಯರಲ್ಲಿ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಮಣ್ಣು, ಸುಣ್ಣ, ಬಳಪ ತಿನ್ನೋ ಆಸೆ ಆದರೆ ಬಯಕೆ ಅಂತ ನಗಬೇಡಿ, ರಕ್ತ ಪರೀಕ್ಷೆ ಮಾಡಿಸಿ.

- ಕಬ್ಬಿಣದ ಮಾತ್ರೆ ದಿನಕ್ಕೊಂದರಂತೆ ಕನಿಷ್ಠ 180 ದಿನ. ಹೆರಿಗೆ ಆದ ಮೇಲೂ 180 ದಿನ. ರಕ್ತ ತೀರಾ ಕಡಿಮೆ ಇದ್ದರೆ ಎಷ್ಟು ಅಂತ ಡಾಕ್ಟರ್ ಹೇಳ್ತಾರೆ.
- ಸುಣ್ಣದ ಮಾತ್ರೆ, ಹಾಲು, ಟೀ ಜೊತೆ ಕಬ್ಬಿಣದ ಮಾತ್ರೆ ಬೇಡ. ಎರಡು ಗಂಟೆ ಅಂತರ ಇರಲಿ. ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡರೆ ಚೆನ್ನಾಗಿ ಹಿಡಿಯುತ್ತೆ.
- ಊಟ ಆದ ತಕ್ಷಣ ಟೀ ಕುಡಿಯೋದು ನಿಲ್ಲಿಸಿ.

ಅಂಗನವಾಡಿ ಊಟಕ್ಕೆ ನಾಚಿಕೆ ಯಾಕೆ?

2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಇದೆ. ಬಸುರಿ, ಬಾಣಂತಿಯರಿಗೆ ತಿಂಗಳಿಗೆ 25 ದಿನ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ. ಅನ್ನ, ಸಾಂಬಾರು, ಪಲ್ಯ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ. ನಾವು ಮಂಡಿಗೆ ಕಳಿಸಿದ ಶೇಂಗಾನೇ ಚಿಕ್ಕಿಯಾಗಿ ವಾಪಸ್ ಬರುತ್ತೆ ಅಂದ್ಕೊಳ್ಳಿ! "ಜನ ಏನಂತಾರೋ" ಅಂತ ಹೆಂಡತಿ ಹೋಗ್ತಿರಲಿಲ್ಲ. ನಾನು ನಾಲ್ಕು ದಿನ ಬೈಕಲ್ಲಿ ಬಿಟ್ಟು ಬಂದೆ, ಐದನೇ ದಿನದಿಂದ ಅಕ್ಕಪಕ್ಕದವರ ಜೊತೆ ತಾನೇ ಹೋದಳು. ಒಂದು ಎಚ್ಚರ: ಅಲ್ಲಿ ಉಂಡಳು ಅಂತ ಮನೆ ಊಟ ಕಡಿಮೆ ಮಾಡಬಾರದು.

ಹೊಲದಲ್ಲಿ, ಫೋನಲ್ಲಿ ಮಾಡಬೇಕಾದ್ದು

- ಬದುವಿನಲ್ಲಿ ನಾಲ್ಕು ನುಗ್ಗೆ ಹಾಕಿ. ಪಿಕೆಎಂ-1 ತಳಿ ಬೀಜದಿಂದಲೇ ಬರುತ್ತೆ, ಆರೇಳು ತಿಂಗಳಲ್ಲಿ ಕಾಯಿ, ಅದಕ್ಕೂ ಮುಂಚೆ ಸೊಪ್ಪು.
- ಕಳೆನಾಶಕ, ಔಷಧಿ ಹೊಡೆದ ಹೊಲದ ಬೆರಕೆ ಸೊಪ್ಪು ಕಿತ್ತು ತರಬೇಡಿ. ಬಸುರಿ ಕೈಯಲ್ಲಿ ಔಷಧಿ ಕಲಸೋದು, ಆ ಬಟ್ಟೆ ಒಗೆಸೋದು ಬೇಡವೇ ಬೇಡ.
- ತಾಯಿ ಕಾರ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ. ಪ್ರತಿ ತಿಂಗಳ ತೂಕ, ರಕ್ತದ ಅಂಕಿ ಫೋನಲ್ಲಿ ಬರೆದಿಡಿ.
- ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ. ಅಲಾರಂ ಇಟ್ಟುಕೊಳ್ಳಿ.
- ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಕಂತಿನಲ್ಲಿ ತಾಯಿ ಖಾತೆಗೆ ಬರುತ್ತೆ. ಅಂಗನವಾಡಿಯಲ್ಲಿ ಕೇಳಿ. ಅದು ಆಕೆಯ ಊಟದ ದುಡ್ಡು, ಗೊಬ್ಬರದ್ದಲ್ಲ.
- ಒಂದೇ ವಾರದಲ್ಲಿ ದಿಢೀರನೆ ತೂಕ ಏರಿ ಮುಖ, ಕೈ ಊದಿಕೊಂಡರೆ, ತಲೆನೋವು, ಕಣ್ಣು ಮಂಜಾದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಕೊನೆಗೆ ಏನಾಯ್ತು?

ಸೀಮಂತ ಮುಗಿದ ಮೇಲೆ ಹೆಂಡತಿ ತವರಿಗೆ ಹೋದಳು. ಮೊಳಕಾಲ್ಮೂರು ತಾಲ್ಲೂಕು, ರೇಷ್ಮೆ ಸೀರೆ ನೇಯೋ ಮನೆ. ಹೋಗುವಾಗ ಹುರಿದ ಶೇಂಗಾ ಒಂದು ಡಬ್ಬಿ, ರಾಗಿ ಹಿಟ್ಟು ಒಂದು ಚೀಲ, ಜೊತೆಗೆ ತೂಕದ ಅಂಕಿ ಬರೆದ ಚೀಟಿ ನಾನೇ ಕಟ್ಟಿಕೊಟ್ಟೆ. ಅತ್ತೆ ಚೀಟಿ ನೋಡಿ ನಕ್ಕರು, ಆದರೆ ಗೋಡೆಗೆ ಅಂಟಿಸಿದರು. ವಾರಕ್ಕೊಂದು ಸಲ ವಾಟ್ಸಾಪಲ್ಲಿ ತೂಕದ ಫೋಟೊ ಬರ್ತಿತ್ತು.

2024ರ ಜನವರಿ ಕೊನೆಯಲ್ಲಿ ಹೆರಿಗೆ ಆಯ್ತು. ಆಗ ಅವಳ ತೂಕ 53 ಕೆಜಿ, ರಕ್ತ 10.8. ಒಟ್ಟು 11 ಕೆಜಿ ಏರಿತ್ತು. ಅವಳಿಗೆ ಬೇಕಾಗಿದ್ದು 12.5, ಗುರಿ ಮುಟ್ಟಲಿಲ್ಲ. ಮೊದಲ ಐದು ತಿಂಗಳು ನಾನು ಕಳೆದುಬಿಟ್ಟಿದ್ದೆ. ಮಗಳು 2.7 ಕೆಜಿ. ನರ್ಸಮ್ಮ "ಪರವಾಗಿಲ್ಲ, ದಡ ಮುಟ್ಟಿದೆ" ಅಂದ್ರು.

ಬಾಣಂತನದಲ್ಲೂ ಹಿಡಿ ಶೇಂಗಾ, ಹಾಲು ನಿಲ್ಲಿಸಲಿಲ್ಲ. ಹಾಲು ಕುಡಿಸೋ ತಾಯಿಗೆ ಬಸುರಿಗಿಂತ ಹೆಚ್ಚು ಊಟ ಬೇಕು, ಪಥ್ಯದ ಹೆಸರಲ್ಲಿ ಬರೀ ಸಾರು ಅನ್ನ ಸಾಲಲ್ಲ.

ಈಗ ಪ್ರತಿ ವರ್ಷ ಶೇಂಗಾ ಬಿಡಿಸಿದ ದಿನವೇ ಒಂದು ಸಣ್ಣ ಚೀಲ ಬೇರೆ ಕಟ್ಟುತ್ತೀವಿ. ಅದರ ಮೇಲೆ ಅವ್ವ ಸುಣ್ಣದಲ್ಲಿ ಗುರುತು ಹಾಕ್ತಾಳೆ. ಅದು ಬೀಜದ್ದಲ್ಲ, ಮಂಡಿದಲ್ಲ, ಮನೆಯದು. ಇವತ್ತು ರಾತ್ರಿ ಊಟಕ್ಕೆ ಕೂತಾಗ ನೀವೂ ಒಂದು ಕೆಲಸ ಮಾಡಿ. ಮೊದಲು ಉಂಡು ಎದ್ದು ಹೋಗಬೇಡಿ. ಆಕೆಯನ್ನೂ ಜೊತೆಗೆ ಕೂರಿಸಿಕೊಂಡು ಆಕೆ ತಟ್ಟೆಯಲ್ಲಿ ಏನಿದೆ ಅಂತ ನೋಡಿ.