ಟ್ಯೂನರ್ ನಂಬಿ ಕೆಟ್ಟೆ!

ಪಿಯುಸಿ, ಸಿಇಟಿ ಅಂತ ಎರಡು ವರ್ಷ ಪಿಟೀಲಿನ ಪೆಟ್ಟಿಗೆ ಅಟ್ಟ ಸೇರಿತ್ತು. ಬಿ.ಇ. ಸೇರಿ ಬೆಂಗಳೂರಿನ ಪೀಜಿಗೆ ಬರುವಾಗ ಅದನ್ನೂ ತಂದೆ. ಆದರೆ ಮೇಷ್ಟ್ರು ಹಾಸನದಲ್ಲೇ ಉಳಿದರು. ರಜೆಗೆ ಹೋದಾಗ ಮಾತ್ರ ಪಾಠ, ಉಳಿದಂತೆ ಮೊಬೈಲೇ ಗತಿ.

ಮೊದಲು ಟ್ಯೂನರ್ ಆ್ಯಪ್ ಹಾಕಿಕೊಂಡೆ. ಸ್ವರ ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು. ಲ್ಯಾಬಿನಲ್ಲಿ ಮೀಟರ್ ನಂಬುವ ನಮಗೆ ಇನ್ನೇನು ಬೇಕು? ಮಾಯಾಮಾಳವಗೌಳದ ಸರಳೆ ವರಸೆಯನ್ನು ಹಸಿರು ಬರುವವರೆಗೂ ತಿಕ್ಕಿ ತಿಕ್ಕಿ, ದಸರೆಗೆ ಊರಿಗೆ ಹೋಗಿ ನುಡಿಸಿದೆ. ಮೇಷ್ಟ್ರು ಅರ್ಧಕ್ಕೇ ತಡೆದರು. ‘ಗಾಂಧಾರ ಮೇಲಾಯ್ತಲ್ಲೋ. ತಂಬೂರಿ ಕೇಳೋದೇ ಬಿಟ್ಟೆಯಾ?’

ಪಿಟೀಲು ಮಾರಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಸಿಟ್ಟಿಗೆ ಲೆಕ್ಕ ಹಾಕಲು ಕುಳಿತೆ. ಸಾಮಾನ್ಯವಾಗಿ ಟ್ಯೂನರ್ ಪಿಯಾನೊದಂತೆ ಸ್ಥಾಯಿಯನ್ನು 12 ಸಮಪಾಲು ಮಾಡುತ್ತದೆ, ಒಂದೊಂದು ಪಾಲಿಗೆ 100 ಸೆಂಟ್. ಅದರ ಪ್ರಕಾರ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ದೂರ. ಆದರೆ ಷಡ್ಜದ 5/4 ಪಟ್ಟು ಆವರ್ತನದ ಗಾಂಧಾರ ಬರುವುದು 386ರಲ್ಲಿ. ತಂಬೂರಿಯ ಷಡ್ಜದ ತಂತಿಯನ್ನು ಇಯರ್‌ಫೋನಿನಲ್ಲಿ ಕೇಳಿ ನೋಡಿ. ಆ ಗಾಂಧಾರ ಮೇಲಿನ ಸ್ಥಾಯಿಯಲ್ಲಿ ಸಣ್ಣಗೆ ಮೊಳಗುತ್ತಿರುತ್ತದೆ, ಐದನೇ ಹಾರ್ಮೋನಿಕ್ ಆಗಿ! ಮೇಷ್ಟ್ರ ಕಿವಿ ಹಿಡಿದದ್ದು ಆ 14 ಸೆಂಟನ್ನು.

ಈಗ ತಂತಿಗಳನ್ನು ಸ-ಪ-ಸ-ಪಕ್ಕೆ ಕೂರಿಸಲು ಮಾತ್ರ ಟ್ಯೂನರ್. ಅಲ್ಲಿ ಪಂಚಮದ ವ್ಯತ್ಯಾಸ ಎರಡೇ ಸೆಂಟ್, ನಡೆಯುತ್ತದೆ. ಆಮೇಲೆ ಒಂದು ಕಿವಿಗೆ ತಂಬೂರಿ ಆ್ಯಪ್, ಇನ್ನೊಂದು ಪಿಟೀಲಿಗೆ. ದಿನಾ ಎರಡು ನಿಮಿಷ ರೆಕಾರ್ಡ್ ಮಾಡಿ, ಮರುದಿನ ಕಾಲೇಜು ಬಸ್ಸಿನಲ್ಲಿ ಕೇಳುತ್ತೇನೆ. ನುಡಿಸುವಾಗ ಕೇಳದ ತಪ್ಪೆಲ್ಲ ಆಗ ಕಿವಿಗೆ ಚುಚ್ಚುತ್ತವೆ. ಗಮಕ ಅರ್ಥವಾಗದಿದ್ದರೆ ಯೂಟ್ಯೂಬ್‌ನಲ್ಲಿ ಅರ್ಧ ವೇಗ. ಶ್ರುತಿ ಬದಲಾಗದು, ಬೆರಳು ಎಲ್ಲಿ ಜಾರಿತೆಂದು ಕಾಣುತ್ತದೆ.

ರೂಮ್‌ಮೇಟ್ ಕಾಟ ತಾಳಲಾರದೆ ಕುದುರೆಯ ಮೇಲೆ ಕೂರಿಸುವ ರಬ್ಬರ್ ಮ್ಯೂಟ್ ಕೊಂಡೆ (ಅವನೇ ಅರ್ಧ ದುಡ್ಡು ಕೊಟ್ಟ). ಒಂದೇ ತೊಂದರೆ, ದನಿ ಸಾಲದೆಂದು ಕಮಾನು ಒತ್ತುವ ಚಟ ಹತ್ತುತ್ತದೆ. ಹಾಗಾಗಿ ಭಾನುವಾರ ಮ್ಯೂಟ್ ತೆಗೆದು ಟೆರೇಸಿಗೆ ಹೋಗುತ್ತೇನೆ.

ಯುಗಾದಿಗೆ ಊರಿಗೆ ಹೋದಾಗ ಮೇಷ್ಟ್ರು ಗಾಂಧಾರದ ಸುದ್ದಿ ಎತ್ತಲಿಲ್ಲ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ, ‘ಈಗ ನಿಷಾದ ನೋಡ್ಕೋ’ ಅಂದರು.